ನನ್ನ ಹೆಸರಿನ ಇಪ್ಪತ್ತು ಇಂಜೆಕ್ಷನ್

ಶ್ರೀಕರ್ ಸಹಿ ಕೇಳಲು ಆರಿಸಿಕೊಂಡ ಜಾಗ ಡಯಾಲಿಸಿಸ್ ಸೆಂಟರು. ಜಾಣ ಮನುಷ್ಯ. ಅಲ್ಲಿ ನನ್ನ ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿ, ನಾಲ್ಕು ಗಂಟೆ ಕಾಲ ಮೈಯ ರಕ್ತವನ್ನೆಲ್ಲ ಹೊರಗೆಳೆದು ತೊಳೆದು ವಾಪಸ್ ಬಿಡುತ್ತಾರೆ. ಎದ್ದು ಹೋಗುವ ಹಾಗಿಲ್ಲ. ಸಿಟ್ಟು ಬಂದರೆ ಕೈ ಬೀಸುವ ಹಾಗಿಲ್ಲ. ಬೇಡದವರು ಬಂದರೆ ಕಣ್ಣು ಮುಚ್ಚಿ ನಿದ್ದೆಯ ನಾಟಕ ಆಡಬಹುದು, ಅಷ್ಟೆ. ಆ ಬುಧವಾರ ಅದನ್ನೂ ಆಡಿದೆ. ಅವನು ಸ್ಟೂಲು ಎಳೆದುಕೊಂಡು ಕೂತು, ಮೊಬೈಲು ನೋಡುತ್ತ, ನಾನು ಕಣ್ಣು ಬಿಡುವವರೆಗೆ ಕಾದ.

“ಗುರುಗಳೇ, ಒಂದು ಸಣ್ಣ ಸಹಿ ಬೇಕಿತ್ತು,” ಎಂದ.

ಶ್ರೀಕರ್ ನಮ್ಮ ಸೈಕಲ್ ತಂಡದ ಮ್ಯಾನೇಜರು, ನಾನು ಅದೇ ತಂಡದ ಮೆಕ್ಯಾನಿಕ್ಕು. ಅವನು ಹದಿನೆಂಟರ ವಯಸ್ಸಿನಲ್ಲಿ ರೇಸಿಗೆ ಇಳಿದಾಗ ಅವನ ಚಕ್ರದ ಕಡ್ಡಿಗಳನ್ನು ಬಿಗಿದುಕೊಟ್ಟವನು ನಾನು. ಆ ಲೆಕ್ಕದಲ್ಲಿ ಗುರುಗಳು. ಈಗ ನನ್ನ ಸಂಬಳ ಮಂಜೂರು ಮಾಡುವವನು ಅವನು. ಹಾಗಾಗಿ ಆ ಪದದಲ್ಲಿ ಮರ್ಯಾದೆ ಎಷ್ಟು, ತಮಾಷೆ ಎಷ್ಟು ಅಂತ ಕೇಳುವ ಗೊಡವೆಗೆ ನಾನು ಹೋಗುವುದಿಲ್ಲ.

ಕಾಗದ ಒಂದೇ ಪುಟ, ಇಂಗ್ಲಿಷಿನಲ್ಲಿತ್ತು. ನರೇಂದ್ರ ಎಂಬ ನಾನು ಮೂತ್ರಪಿಂಡದ ರೋಗಿ. ರಕ್ತ ಹೆಚ್ಚಿಸುವ ಇಂಜೆಕ್ಷನ್ನುಗಳನ್ನು ಜಯನಗರದ ನನ್ನ ಮನೆಯ ಫ್ರಿಜ್ಜಿನಲ್ಲಿ ಇಟ್ಟುಕೊಂಡಿರುತ್ತೇನೆ. ತಂಡದ ಸವಾರ ಚೈತನ್ಯ ಆಗಾಗ ಮನೆಗೆ ಬಂದುಹೋಗುತ್ತಿದ್ದ. ಏಪ್ರಿಲ್ ತಿಂಗಳಲ್ಲಿ ಆರು ಇಂಜೆಕ್ಷನ್ ಕಡಿಮೆ ಇದ್ದದ್ದು ನನ್ನ ಗಮನಕ್ಕೆ ಬಂತು. ಕೆಳಗೆ ನನ್ನ ಹೆಸರು, ಅದರ ಮೇಲೆ ಖಾಲಿ ಗೆರೆ.

ಚೈತನ್ಯನಿಗೆ ಇಪ್ಪತ್ತೆರಡು. ಸಾರಕ್ಕಿಯ ಹುಡುಗ, ತಂಡದಲ್ಲಿ ಬೆಟ್ಟ ಹತ್ತುವುದರಲ್ಲಿ ಎಲ್ಲರಿಗಿಂತ ಮುಂದು. ಮೇ ತಿಂಗಳ ರಾಷ್ಟ್ರೀಯ ರೇಸಿನಲ್ಲಿ ಎರಡನೆಯವನಾಗಿ ಬಂದ. ಅದೇ ಸಂಜೆ ಕೊಟ್ಟ ಮೂತ್ರದಲ್ಲಿ ನನ್ನ ಇಂಜೆಕ್ಷನ್ನಿನ ಔಷಧಿಯೇ ಸಿಕ್ಕಿತು. ನನ್ನಂಥ ರೋಗಿಗೆ ಅದು ಕುಸಿದ ರಕ್ತವನ್ನು ಸರಿಮಟ್ಟಕ್ಕೆ ತರುತ್ತದೆ. ಗಟ್ಟಿಮುಟ್ಟಾದವನಿಗೆ ಕೊಟ್ಟರೆ ರಕ್ತ ಮಟ್ಟ ಮೀರಿ ಏರಿ, ಉಸಿರು ಕಟ್ಟುವ ಕಡೆಯಲ್ಲೂ ಪೆಡಲು ತುಳಿಯುವ ಶಕ್ತಿ ಬರುತ್ತದೆ. ಅದು ಮೋಸ. ನಾಲ್ಕು ವರ್ಷ ನಿಷೇಧ. ವಿಚಾರಣೆಯವರು ಈಗ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಹುಡುಗನಿಗೆ ಇದು ಸಿಕ್ಕಿದ್ದೆಲ್ಲಿ?

“ಚೈತನ್ಯ ಕದ್ದಿಲ್ಲ,” ಎಂದೆ.

“ಕದ್ದ ಅನ್ನೋ ಪದ ಎಲ್ಲಾದ್ರೂ ಇದ್ಯಾ ನೋಡಿ ಗುರುಗಳೇ. ಕಡಿಮೆ ಇತ್ತು ಅಂತ ಇದೆ, ಅಷ್ಟೆ. ಅವನು ಆಗ್ಲೇ ಒಪ್ಕೊಂಡಾಗಿದೆ. ಬೇಗ ಒಪ್ಕೊಂಡ್ರೆ ನಾಲ್ಕು ವರ್ಷ ಮೂರಾಗತ್ತೆ. ಶನಿವಾರ ಹನ್ನೊಂದಕ್ಕೆ ಆನ್‌ಲೈನ್ ವಿಚಾರಣೆ. ನೀವು ಇದನ್ನೇ ಎರಡು ಮಾತಲ್ಲಿ ಹೇಳಿದ್ರೆ ಫೈಲ್ ಕ್ಲೋಸ್.”

ಅವನು ಎದ್ದು, ಪ್ಯಾಂಟು ಕೊಡವಿಕೊಂಡು, ಹೊರಡುವ ಮುಂಚೆ ಹೇಳಬೇಕಾದದ್ದನ್ನು ಹೇಳಿದ. “ಕೆಂಪರಾಜಣ್ಣ ನಿನ್ನೆ ವಿಚಾರಿಸ್ತಿದ್ರು, ನಿಮ್ಮ ಹೆಲ್ತ್ ಹೇಗಿದೆ ಅಂತ. ಮುಂದಿನ ವರ್ಷದ ಬಜೆಟ್ಟಲ್ಲೂ ನಿಮ್ಮ ಟ್ರೀಟ್‌ಮೆಂಟ್ ಹಾಗೇ ಇಡೋಣ ಅಂದ್ರು. ಟೆನ್ಷನ್ ಮಾಡ್ಕೋಬೇಡಿ.”

ಕೆಂಪರಾಜು ತಂಡದ ಧಣಿ. ಕನಕಪುರ ರಸ್ತೆಯ ಎರಡು ಬದಿಗೂ ಅವರ ಲೇಔಟುಗಳಿವೆ. ನನ್ನ ಡಯಾಲಿಸಿಸ್ಸು, ಔಷಧಿ, ರಕ್ತಪರೀಕ್ಷೆ ಎಲ್ಲದರ ಖರ್ಚು ಮೂರು ವರ್ಷದಿಂದ ತಂಡದ್ದೇ. ಸಹಿ ಹಾಕಿದರೆ ನಾನು ಬದುಕಿಕೊಂಡಿರುತ್ತೇನೆ, ಚೈತನ್ಯ ಕಳ್ಳನಾಗುತ್ತಾನೆ. ಹಾಕದಿದ್ದರೆ ಮುಂದಿನ ತಿಂಗಳಿಂದ ದುಡ್ಡು ಎಲ್ಲಿಂದ ಅನ್ನುವುದು ನನಗೆ ಗೊತ್ತಿಲ್ಲ. ಇಷ್ಟು ಸಣ್ಣ ಮಾತನ್ನು ಹೇಳಲು ಮ್ಯಾನೇಜರು ಅರ್ಧ ದಿನ ರಜೆ ಹಾಕಿ ಬರಬೇಕಿರಲಿಲ್ಲ, ಫೋನಿನಲ್ಲೇ ಹೇಳಬಹುದಿತ್ತು.

ಇನ್ನು ನನ್ನ ವಿಷಯ. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ನಾನೂ ಶ್ರೀಕರನೂ ಒಂದೇ ಆಗುತ್ತೇವೆ.

ನನಗೆ ವಾರಕ್ಕೆ ಎರಡು ಇಂಜೆಕ್ಷನ್ ಬೇಕು, ತಿಂಗಳಿಗೆ ಎಂಟು. ಎರಡು ವರ್ಷದ ಹಿಂದೆ ಒಂದು ದಿನ ನಾಲ್ಕನೇ ಬ್ಲಾಕಿನ ಮೆಡಿಕಲ್ ಶಾಪಿಗೆ ಬಿಪಿ ಮಾತ್ರೆ ತರಲು ಹೋಗಿದ್ದೆ. ಅಂಗಡಿಯ ಗುರುಬಸಪ್ಪ ಕನ್ನಡಕ ಹಣೆಗೇರಿಸಿ, “ಏನ್ ಸಾರ್, ತಿಂಗಳಿಗೆ ಇಪ್ಪತ್ತು ಇಂಜೆಕ್ಷನ್ ಹೋಗ್ತಾ ಇದೆ ನಿಮ್ಮ ಹೆಸರಲ್ಲಿ. ಡೋಸ್ ಜಾಸ್ತಿ ಮಾಡಿದ್ರಾ? ಹುಷಾರು, ಬಿಪಿ ಏರತ್ತೆ,” ಎಂದ.

ನಾನು “ಹೂಂ, ಜಾಸ್ತಿ ಮಾಡಿದಾರೆ,” ಎಂದೆ.

ಲೆಕ್ಕ ಮಾಡಲು ಬಾರದವನಲ್ಲ ನಾನು. ಇಪ್ಪತ್ತರಲ್ಲಿ ಎಂಟು ಕಳೆದರೆ ಹನ್ನೆರಡು. ಆ ಹನ್ನೆರಡು ಎಲ್ಲಿ ಹೋಗುತ್ತವೆ ಅನ್ನುವುದು ಅಂಗಡಿಯಿಂದ ಮೆಟ್ರೋ ಸ್ಟೇಷನ್ ತಲುಪುವಷ್ಟರಲ್ಲಿ ಗೊತ್ತಾಗಿ ಹೋಗಿತ್ತು. ಸವಾರರು ರೇಸಿಗೆ ಮುಂಚಿನ ವಾರಗಳಲ್ಲಿ ಒಬ್ಬೊಬ್ಬರಾಗಿ ಆಫೀಸಿನ ಒಳಕೋಣೆಗೆ ಹೋಗಿ ಬರುವುದನ್ನು ನೋಡಿದ್ದೆ. ‘ಡಾಕ್ಟ್ರು ಐರನ್ ಕೊಡ್ತಾರೆ’ ಅನ್ನುತ್ತಿದ್ದರು. ನಾನು ಚೈನಿಗೆ ಎಣ್ಣೆ ಬಿಡುತ್ತ ತಲೆ ಬಗ್ಗಿಸಿದ್ದೆ.

ಅದಕ್ಕಿಂತ ಹೇಸಿಗೆಯ ಮಾತೊಂದಿದೆ. ಪ್ರತಿ ವರ್ಷ ತಂಡದ ವಾರ್ಷಿಕೋತ್ಸವದಲ್ಲಿ ಕೆಂಪರಾಜು ಮೈಕ್ ಹಿಡಿದು, “ನಮ್ಮದು ತಂಡ ಅಲ್ಲ, ಸಂಸಾರ. ನಮ್ಮ ನರೇಂದ್ರ ಅವರ ಚಿಕಿತ್ಸೆಗೇ ಈ ವರ್ಷ ಒಂಬತ್ತು ಲಕ್ಷ ತೆಗೆದಿಟ್ಟಿದೀವಿ,” ಅನ್ನುತ್ತಾರೆ. ಚಪ್ಪಾಳೆ. ನನ್ನ ಚಿಕಿತ್ಸೆಗೆ ನಾಲ್ಕು ಲಕ್ಷ ದಾಟುವುದಿಲ್ಲ. ಮಿಕ್ಕ ಐದರಲ್ಲಿ ಆ ಹನ್ನೆರಡು ಇಂಜೆಕ್ಷನ್ನು, ಒಳಕೋಣೆಯ ಡಾಕ್ಟರ ಫೀಸು, ಸವಾರರ ಗುಟ್ಟಿನ ರಕ್ತಪರೀಕ್ಷೆ ಎಲ್ಲ ಬರುತ್ತವೆ. ತಂಡದ ಪುಸ್ತಕದಲ್ಲಿ ನಾನು ಮೆಕ್ಯಾನಿಕ್ ಅಲ್ಲ, ಒಂದು ಖಾತೆ. ಗೊತ್ತಿದ್ದೂ ಎರಡು ವರ್ಷ ಎದ್ದು ನಿಂತು ಸಭೆಗೆ ಕೈಮುಗಿದಿದ್ದೇನೆ.

ಬುಧವಾರ ಮಧ್ಯಾಹ್ನ ಮನೆಗೆ ಬಂದು ಮಲಗಿದೆ. ಡಯಾಲಿಸಿಸ್ ಆದ ದಿನ ಮೈಯನ್ನು ಹಿಂಡಿ ಹಗ್ಗದ ಮೇಲೆ ಹಾಕಿದ ಹಾಗಿರುತ್ತದೆ. ಸಂಜೆ ಎದ್ದು ಕಾಗದವನ್ನು ಇನ್ನೊಂದು ಸಲ ಓದಿದಾಗ ‘ಮನೆಯ ಫ್ರಿಜ್ಜಿನಲ್ಲಿ’ ಅನ್ನುವಲ್ಲಿಗೆ ಬಂದು ನಗು ಬಂತು. ಬಹಳ ದಿನದ ಮೇಲೆ ಬಂದ ನಗು.

ನಮ್ಮ ಮನೆಯ ಫ್ರಿಜ್ಜು ಅಮ್ಮನದು. ಅಮ್ಮ ಅಂದರೆ ಸೀತಮ್ಮ, ಎಪ್ಪತ್ತಾರು ವರ್ಷ, ಮಡಿ. ಅದರಲ್ಲಿ ಹಾಲು, ಮೊಸರು, ತುಪ್ಪಕ್ಕೆ ಕೂಡಿಟ್ಟ ಬೆಣ್ಣೆ, ತರಕಾರಿ, ದೇವರ ಹೂವು ಇಷ್ಟಕ್ಕೇ ಜಾಗ. ಬೇಯಿಸಿದ ಅನ್ನ ಹುಳಿಗೂ ಪ್ರವೇಶವಿಲ್ಲ, ಮುಸುರೆಯಾಗುತ್ತದೆ. ಮೂರು ವರ್ಷದ ಹಿಂದೆ ಮೊದಲ ಸಲ ಇಂಜೆಕ್ಷನ್ ಪೆಟ್ಟಿಗೆ ತಂದಾಗ ಅವಳು ಒಂದು ಮೂಲೆ ಬಿಟ್ಟುಕೊಡಲು ಒಪ್ಪಿದ್ದಳು. ಮಗನ ಜೀವದ ಪ್ರಶ್ನೆ. ಕೆಡಿಸಿದವನು ನಾನು. ಮೆಕ್ಯಾನಿಕ್ಕಿನ ಬುದ್ಧಿ, ಯಾವ ಡಬ್ಬಿ ಬಂದರೂ ಒಳಗಿನ ಚೀಟಿ ಓದದೆ ಬಿಡುವವನಲ್ಲ. ಅವತ್ತೂ ಚೀಟಿ ಬಿಡಿಸಿ ಗಟ್ಟಿಯಾಗಿ ಓದಿ, ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಈ ಔಷಧಿಯನ್ನು ಒಂದು ಜಾತಿಯ ಇಲಿಯ ಜೀವಕೋಶದಲ್ಲಿ ಬೆಳೆಸುತ್ತಾರಂತೆ, ಏನು ಸೈನ್ಸ್ ನೋಡು ಅಂದೆ.

“ಇಲಿಯದಾ?” ಎಂದಳು ಅಮ್ಮ. ಹಾಲಿನ ಪಾತ್ರೆಯನ್ನು ಹೊರಗಿಟ್ಟು, ಫ್ರಿಜ್ಜನ್ನು ಮೂರು ನೀರಲ್ಲಿ ಒರೆಸಿದಳು. ಪೆಟ್ಟಿಗೆ ಅವತ್ತೇ ಜೆ.ಪಿ. ನಗರದ ತಂಡದ ವರ್ಕ್‌ಶಾಪಿಗೆ ಹೋಯಿತು. ಅಲ್ಲೊಂದು ಫ್ರಿಜ್ಜಿದೆ, ಬೀಗದ ಕೈ ಶ್ರೀಕರನ ಹತ್ತಿರ. “ನಾವೇ ತರಿಸಿ ಇಟ್ಟಿರ್ತೀವಿ, ನಿಮ್ಗೆ ಬೇಕಾದಾಗ ತಗೊಂಡ್ ಹೋಗಿ, ಬಿಲ್ಲಿನ ತಲೆನೋವೂ ಬೇಡ,” ಎಂದಿದ್ದ. ಎಷ್ಟು ಒಳ್ಳೆಯವನು ಅಂದುಕೊಂಡಿದ್ದೆ. ಅಂದಿನಿಂದ ಇಂದಿನವರೆಗೆ ಒಂದೇ ಒಂದು ಇಂಜೆಕ್ಷನ್ನೂ ನಮ್ಮ ಹೊಸ್ತಿಲು ದಾಟಿಲ್ಲ. ವರ್ಕ್‌ಶಾಪಿನಿಂದ ಐಸ್ ಡಬ್ಬಿಯಲ್ಲಿ ಹಾಕಿಕೊಂಡು ನೇರ ಡಯಾಲಿಸಿಸ್ ಸೆಂಟರಿಗೆ ಹೋಗುತ್ತೇನೆ, ಅಲ್ಲಿ ನರ್ಸು ಹಾಕುತ್ತಾಳೆ. ಎಲ್ಲರ ಮನೆಯಲ್ಲೂ ಔಷಧಿ ಫ್ರಿಜ್ಜಿನಲ್ಲಿರುತ್ತದೆ ಅಂದುಕೊಂಡು ಯಾರೋ ವಕೀಲ ಬರೆದಿದ್ದಾನೆ. ಸೀತಮ್ಮನನ್ನು ಅವನು ನೋಡಿಲ್ಲ.

ನಕ್ಕಿದ್ದಾಯಿತು. ಆಮೇಲೆ ಯೋಚಿಸಿದೆ. ಅಮ್ಮನನ್ನು ಯಾರು ಕೇಳಲು ಬರುತ್ತಾರೆ? ಯಾರೂ ಬರುವುದಿಲ್ಲ. ಪೆನ್ನು ಹುಡುಕಿ ಕಾಗದದ ಪಕ್ಕ ಇಟ್ಟುಕೊಂಡೆ. ಸುಸ್ತಾದವನಿಗೆ ಸರಿ ತಪ್ಪಿಗಿಂತ ಮುಗಿದರೆ ಸಾಕು ಅನ್ನುವುದೇ ದೊಡ್ಡದಾಗಿ ಕಾಣುತ್ತದೆ. ಸಹಿ ಹಾಕುವವನೇ ಇದ್ದೆ. ಶುಕ್ರವಾರ ಕೊಟ್ಟರೆ ಸಾಕಲ್ಲ ಅಂತ ಮಲಗಿದೆ.

ಗುರುವಾರ ಬೆಳಗ್ಗೆ ಚೈತನ್ಯನೇ ಬಂದ. ತಂಡದ ಸೈಕಲ್ಲನ್ನು ವಾಪಸ್ ತೆಗೆದುಕೊಂಡಿದ್ದರು. ಅವರಪ್ಪ ರಾಮಯ್ಯನವರ ಸ್ಕೂಟರಿನಲ್ಲಿ ಬಂದಿದ್ದ. ಎರಡು ವಾರದಲ್ಲಿ ಮುಖ ಇಳಿದು, ಕೆನ್ನೆಯಲ್ಲಿ ಗಡ್ಡ ಬಂದಿತ್ತು.

“ಅಣ್ಣ, ಶ್ರೀಕರ್ ಸಾರ್ ಕೊಟ್ಟಿರೋದಕ್ಕೆ ಸಹಿ ಹಾಕ್ಬಿಡಿ,” ಎಂದ, ಕೂರುವುದಕ್ಕೂ ಮುಂಚೆ.

“ನೀನು ಕದ್ಯಾ?”

“ಇಲ್ಲ. ಡಾಕ್ಟ್ರು ಹಾಕ್ತಿದ್ರು. ಮೊದ್ಲು ಐರನ್ ಅಂದ್ರು. ಆಮೇಲೆ ನಂಗೂ ಗೊತ್ತಾಯ್ತು ಅಣ್ಣ, ಸುಳ್ಳು ಹೇಳಲ್ಲ. ಬೇಡ ಅಂದೋರನ್ನ ರೇಸಿಗೆ ಹಾಕ್ತಿರ್ಲಿಲ್ಲ.”

“ಹಂಗಂತ ಹೇಳು ಮತ್ತೆ ವಿಚಾರಣೇಲಿ.”

ಅವನು ತನ್ನ ಕೈ ನೋಡಿಕೊಂಡ. “ಹೇಳಿದ್ರೆ ನಿಮ್ಮ ಟ್ರೀಟ್‌ಮೆಂಟ್ ನಿಲ್ಸ್ತಾರಂತೆ. ಶ್ರೀಕರ್ ಸಾರ್ ನೇರವಾಗಿ ಹೇಳ್ಲಿಲ್ಲ. ತಂಡದ ಮೇಲೆ ಬಂದ್ರೆ ತಂಡಾನೇ ಇರಲ್ಲ, ನರೇಂದ್ರ ಅವ್ರ ಗತಿ ಏನು ಯೋಚ್ನೆ ಮಾಡು ಅಂದ್ರು. ನಂಗೆ ಹೋದ್ರೆ ಮೂರು ವರ್ಷ ಹೋಗತ್ತೆ. ಇಪ್ಪತ್ತೈದಕ್ಕೆ ವಾಪಸ್ ಬರ್ತೀನಿ. ನಿಮ್ಗೆ ಹಂಗಲ್ವಲ್ಲ.”

ಒಂದೇ ಹಗ್ಗದ ಒಂದು ತುದಿಗೆ ನನ್ನನ್ನೂ ಇನ್ನೊಂದು ತುದಿಗೆ ಇವನನ್ನೂ ಕಟ್ಟಿ ಶ್ರೀಕರ್ ಆರಾಮಾಗಿ ಕೂತಿದ್ದ.

“ನಿಮ್ಗೆ ಒಂದ್ ವಿಷ್ಯ ಗೊತ್ತಿಲ್ಲ ಅಣ್ಣ,” ಎಂದು ಅವನು ದನಿ ತಗ್ಗಿಸಿದ. “ಅದನ್ನೆಲ್ಲ ನಿಮ್ಮ ಹೆಸರಲ್ಲೇ ತರ್ಸ್ತಿದ್ರು. ನಿಮ್ಮ ಕಾಯಿಲೆ ಇಟ್ಕೊಂಡು. ನಿಮ್ಗೆ ಹೇಳ್ದೆ ಕೇಳ್ದೆ. ಅದು ಗೊತ್ತಾದ್ಮೇಲೆ ನಂಗೆ ನಿದ್ದೆ ಬಂದಿಲ್ಲ. ನಿಮ್ಮಂಥೋರ ಹೆಸರನ್ನ ಹಿಂಗೆ ಮಾಡಿದಾರಲ್ಲ ಅಂತ.”

ಆಗ ಹೇಳಬೇಕಿತ್ತು. ನನಗೆ ಗೊತ್ತು ಕಣೋ, ಎರಡು ವರ್ಷದಿಂದ ಗೊತ್ತು ಅಂತ. ಬಾಯಿಗೆ ಬಂದಿತ್ತು. ಹುಡುಗ ನನ್ನನ್ನು ಪಾಪದ ಮನುಷ್ಯ ಅಂತ ನೋಡುತ್ತಿದ್ದ, ಆ ನೋಟ ಹಿತವಾಗಿತ್ತು. ಕಾಯಿಲೆ ಬಂದ ಮೇಲೆ ಎಲ್ಲರೂ ಅಯ್ಯೋ ಅನ್ನುತ್ತಾರೆ, ಯಾರೂ ಹಾಗೆ ಗೌರವ ಇಟ್ಟು ಅಯ್ಯೋ ಅಂದಿರಲಿಲ್ಲ. ಸುಮ್ಮನಿದ್ದುಬಿಟ್ಟೆ.

ಅಷ್ಟರಲ್ಲಿ ಅಮ್ಮ ಕಾಫಿ ತಂದಳು. ಚೈತನ್ಯ ಎದ್ದು ನಿಂತು ಲೋಟ ತೆಗೆದುಕೊಂಡು, ಪಾಠ ಒಪ್ಪಿಸುವವನ ಹಾಗೆ ಶುರು ಮಾಡಿದ. ವಿಚಾರಣೆಯವರು ಮನೆಯವರಿಗೂ ಫೋನ್ ಮಾಡಿ ಕೇಳಬಹುದು, ಮೊದಲೇ ಹೇಳಿರು ಅಂತ ಶ್ರೀಕರ್ ಕಲಿಸಿ ಕಳಿಸಿದ್ದನಂತೆ. “ಅಮ್ಮ, ನನ್ನಿಂದ ಒಂದ್ ತಪ್ಪಾಗಿದೆ. ನಿಮ್ಮ ಫ್ರಿಜ್ಜಿಂದ ಅಣ್ಣನ ಇಂಜೆಕ್ಷನ್ ತಗೊಂಡ್ಬಿಟ್ಟೆ. ಕ್ಷಮಿಸ್ಬೇಕು.”

ಅಮ್ಮ ಅವನನ್ನು ನೋಡಿದಳು, ನನ್ನನ್ನು ನೋಡಿದಳು. “ನನ್ನ ಫ್ರಿಜ್ಜಿಂದಾನಾ? ಅದರಲ್ಲಿ ಹಾಲು ಮೊಸರು ಬಿಟ್ಟು ಏನಿರತ್ತಪ್ಪ? ಅದನ್ನ ನಾನು ಮನೆಯೊಳಕ್ಕೇ ಬಿಟ್ಟಿಲ್ಲ. ಯಾರು ಹೇಳಿದ್ದು ನಿಂಗೆ ಹಿಂಗೆಲ್ಲ?”

ಚೈತನ್ಯ ಕಾಫಿ ಲೋಟ ಕೆಳಗಿಟ್ಟ. ನಾನು ಕಾಗದ ತೋರಿಸಿ ಅಮ್ಮನಿಗೆ ವಿಷಯ ಹೇಳಿದೆ. ಆ ಹನ್ನೆರಡರ ಲೆಕ್ಕ ನನಗೆ ಮೊದಲೇ ಗೊತ್ತಿತ್ತು ಅನ್ನುವುದೊಂದು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು ಗೋಡೆಗೊರಗಿ ನೆಲದ ಮೇಲೆ ಕೂತಳು.

“ಅವತ್ತು ನಾನು ಒಂದು ಮೂಲೇಲಿ ಇಟ್ಕೊಂಡಿದ್ದಿದ್ರೆ ಇದು ಅವರ ಕೈಗೆ ಹೋಗ್ತಿರ್ಲಿಲ್ಲ, ಅಲ್ವೇನೋ?”

“ನಿಂದೇನಿಲ್ಲಮ್ಮ. ಬೇರೆ ದಾರಿ ಹುಡುಕ್ಕೊಳ್ತಿದ್ರು.”

“ನನ್ನ ಸಮಾಧಾನಕ್ಕೆ ಹೇಳ್ಬೇಡ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಫೋನ್ ಮಾಡ್ಲಿ ನಂಗೆ. ಈ ಮನೇಲಿ ಇರ್ಲಿಲ್ಲ ಅಂತಾನೇ ಹೇಳ್ತೀನಿ. ಪರರ ಮಗನ್ನ ಕಳ್ಳ ಅಂತ ಅನ್ನಿಸಿ ನನ್ನ ಮಗನ್ನ ಉಳಿಸ್ಕೊಳ್ಳೋದು ನನ್ನ ಕೈಲಾಗಲ್ಲ. ನಿನ್ನ ಔಷಧಿಗೆ ನನ್ನ ಬಳೆ ಇದೆ. ಅದು ಮುಗಿದ್ಮೇಲೆ ದೇವರಿದಾನೆ.”

ಬಳೆ ಅಂದರೆ ನಾಲ್ಕು. ಐದಾರು ತಿಂಗಳು ಬರಬಹುದು. ಅವಳ ಮಾತಿನ ಮುಂದೆ ಪೆನ್ನು ಹಿಡಿಯುವ ಮುಖ ನನಗಿರಲಿಲ್ಲ. ಚೈತನ್ಯನಿಗೆ, “ಶನಿವಾರ ಇಲ್ಲಿಗೇ ಬಾ. ಇಬ್ಬರೂ ಇಲ್ಲಿಂದಲೇ ಮಾತಾಡೋಣ, ಇದ್ದದ್ದು ಇದ್ದ ಹಾಗೆ,” ಎಂದೆ. ಅವನು ಬೇಡ ಅಣ್ಣ, ಬೇಡ ಅಣ್ಣ ಅಂತ ಹತ್ತು ಸಲ ಅಂದ. ಕೊನೆಗೆ ಅತ್ತ. ಶುಕ್ರವಾರ ಶ್ರೀಕರನ ಆರು ಫೋನು ಬಂದವು. ಎತ್ತಲಿಲ್ಲ.

ಶನಿವಾರ ಹನ್ನೊಂದಕ್ಕೆ ಚೈತನ್ಯ ನಮ್ಮ ನಡುಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ. ಸಾಕ್ಷಿ ಬೇರೆ ಕೋಣೆಯಲ್ಲಿರಬೇಕು ಎಂದರು, ನಾನು ಫೋನು ಹಿಡಿದು ನನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕೂತೆ. ದೆಹಲಿಯಿಂದ ವಿಚಾರಣೆಯವರು ಮೂವರು. ಪರದೆಯ ಇನ್ನೊಂದು ಚೌಕದಲ್ಲಿ ಶ್ರೀಕರ್, ಇಸ್ತ್ರಿ ಮಾಡಿದ ಅಂಗಿ. ಅವರು ಇಂಗ್ಲಿಷಿನಲ್ಲಿ ಕೇಳಿದರು, ನಾನು ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದೆ.

ನಾನು ಆಡಿದ ಪ್ರತಿ ಮಾತೂ ಒಂದು ಗಳಿಗೆ ತಡವಾಗಿ ನಡುಮನೆಯ ಲ್ಯಾಪ್‌ಟಾಪಿನಿಂದ ಬಾಗಿಲಾಚೆ ಕೇಳುತ್ತಿತ್ತು. ನನ್ನ ದನಿ ಇಷ್ಟು ಮುದಿಯಾಗಿದೆ ಅಂತ ತಿಳಿದಿರಲಿಲ್ಲ.

ಮನೆಯಲ್ಲಿ ಇಂಜೆಕ್ಷನ್ ಇರಲಿಲ್ಲ ಎಂದೆ. ವರ್ಕ್‌ಶಾಪು, ಫ್ರಿಜ್ಜು, ಬೀಗದ ಕೈ ಎಲ್ಲ ಹೇಳಿದೆ. ಕಾಗದ ತಂದುಕೊಟ್ಟವರು ಯಾರೆಂದು ಹೇಳಿದೆ. ನನಗೆ ಬೇಕಾದದ್ದು ಎಂಟು, ನನ್ನ ಹೆಸರಿನಲ್ಲಿ ಬರುತ್ತಿದ್ದದ್ದು ಇಪ್ಪತ್ತು, ಮೆಡಿಕಲ್ ಶಾಪಿನ ಬಿಲ್ಲು ತೆಗೆಸಿ ನೋಡಿ ಎಂದೆ. ಮೂವರೂ ಬರೆದುಕೊಂಡರು. ಶ್ರೀಕರನ ಚೌಕ ಕಪ್ಪಾಯಿತು. ಮುಗಿಯಿತು ಅಂದುಕೊಂಡೆ. ಇಷ್ಟರಲ್ಲಿ ಮುಗಿದಿದ್ದರೆ ನನಗೂ ಚೆನ್ನಾಗಿತ್ತು.

ನಡುವೆ ಕೂತಿದ್ದ ಹೆಂಗಸು, ವಯಸ್ಸಾದವರು, ಮೆತ್ತಗೆ ಕೇಳಿದರು. ಇಪ್ಪತ್ತು ಅನ್ನುವುದು ನಿಮಗೆ ಗೊತ್ತಾದದ್ದು ಯಾವಾಗ?

ಈಗ, ಚೈತನ್ಯ ಹೇಳಿದ ಮೇಲೆ ಅನ್ನಬಹುದಿತ್ತು. ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಬಿಲ್ಲಂತೂ ಇತ್ತು, ಅದೇ ಸಾಕಾಗುತ್ತಿತ್ತೇನೋ. ಆದರೆ ಗುರುಬಸಪ್ಪನನ್ನು ಕೇಳಿದರೆ ಅವನು ಎರಡು ವರ್ಷದ ಹಿಂದೆಯೇ ಎಚ್ಚರಿಸಿದ್ದೆ ಅನ್ನುತ್ತಾನೆ. ಆಗ ನಾನು ಒಂದು ಸುಳ್ಳು ಹೇಳಿದವನಾಗುತ್ತೇನೆ, ಉಳಿದ ನಿಜವೂ ಅದರ ಜೊತೆ ಹೋಗುತ್ತದೆ, ಹುಡುಗನ ಗತಿ ಮೊದಲಿನದೇ. ಯೋಚಿಸಿ ಹೇಳಿದೆ ಅಂತ ನನ್ನನ್ನು ದೊಡ್ಡವನು ಮಾಡುವುದು ಬೇಡ. ನಿಜ ಹೇಳಬೇಕೆಂದರೆ ಇನ್ನೊಂದು ಸುಳ್ಳು ಹೊರುವ ತ್ರಾಣವೇ ಉಳಿದಿರಲಿಲ್ಲ.

“ಟೂ ಇಯರ್ಸ್, ಮೇಡಂ. ಐ ನ್ಯೂ,” ಎಂದೆ.

ಬಾಗಿಲಾಚೆ ನನ್ನ ದನಿ ಅದನ್ನೇ ಇನ್ನೊಂದು ಸಲ ಹೇಳಿತು. ಕುರ್ಚಿ ಎಳೆದ ಸದ್ದಾಯಿತು.

ಯಾರಿಗೂ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರು. ಎಂಟು ನನಗೆ ಬರುತ್ತಿತ್ತು ಮೇಡಂ, ಎಂದೆ. ಅವರು ಮತ್ತೇನೂ ಕೇಳಲಿಲ್ಲ. ನನ್ನ ಹೇಳಿಕೆ ಮುಗಿಯಿತು ಎಂದು ಕರೆ ಕತ್ತರಿಸಿದರು. ಅದರ ಹಿಂದೆಯೇ ಶ್ರೀಕರನ ಸಂದೇಶ: ‘ಥ್ಯಾಂಕ್ಯೂ ಗುರುಗಳೇ. ಸೋಮವಾರದಿಂದ ನಿಮ್ಮ ವ್ಯವಸ್ಥೆ ನೀವೇ ನೋಡ್ಕೊಳ್ಳಿ.’

ನಡುಮನೆಯಲ್ಲಿ ವಿಚಾರಣೆ ಇನ್ನೂ ಅರ್ಧ ಗಂಟೆ ನಡೆಯಿತು. ಚೈತನ್ಯನ ದನಿ ಹೂಂ, ನೋ ಸರ್, ಎಸ್ ಸರ್ ಅಂತ ಅಷ್ಟಷ್ಟೇ ಕೇಳಿಸಿತು. ಮುಗಿದ ಮೇಲೆ ಅವನೇ ಬಂದು ಬಾಗಿಲು ತಳ್ಳಿದ. ಒಳಗೆ ಬರಲಿಲ್ಲ.

“ಎರಡು ವರ್ಷದಿಂದ ಗೊತ್ತಿತ್ತಾ?”

“ಹೂಂ.”

“ನಾನು ಮೊನ್ನೆ ಬಂದಾಗ್ಲೂ?”

“ಹೂಂ.”

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. “ಡಾಕ್ಟ್ರು ಮೊದ್ಲು ನಂಗೆ ಹಾಕಿದ್ದು ಹೋದ ವರ್ಷ ಆಗಸ್ಟಲ್ಲಿ. ಅವತ್ತು ನೀವು ಹೊರಗೆ ನನ್ನ ಸೈಕಲ್ ಹ್ಯಾಂಡಲಿಗೆ ಟೇಪ್ ಸುತ್ತುತಾ ಕೂತಿದ್ರಿ. ಒಂದ್ ಮಾತು ಅಂದಿದ್ರೆ ನಾನು ಒಳಗೆ ಹೋಗ್ತಿರ್ಲಿಲ್ಲ.”

ಅವನು ಹೇಳಿದ್ದು ನಿಜ. ಆ ದಿನ ನೆನಪಿಗೆ ಬಂತು. ನೀಲಿ ಟೇಪು, ಅವನು ಶಿಳ್ಳೆ ಹಾಕುತ್ತ ಒಳಗೆ ಹೋಗಿದ್ದ.

“ಈಗ ಶಿಕ್ಷೆ ಕಡಿಮೆ ಆಗಬಹುದು,” ಎಂದೆ. “ತಂಡದ್ದೇ ತಪ್ಪು ಅಂತ ಆಯ್ತಲ್ಲ.”

“ಆಗ್ಬಹುದು,” ಎಂದು ಅವನು ಹೋಗಿ ಶೂ ಹಾಕಿಕೊಂಡ.

ಅಮ್ಮ ಅಡುಗೆಮನೆಯಿಂದ ಬಂದು, ಊಟದ ಹೊತ್ತು, ಎರಡು ತುತ್ತು ತಿಂದು ಹೋಗು ಎಂದಳು. “ಬೇಡಮ್ಮ, ಇನ್ನೊಂದಿನ ಬರ್ತೀನಿ,” ಎಂದು ಬಗ್ಗಿ ಅವಳ ಕಾಲು ಮುಟ್ಟಿದ. ಆಮೇಲೆ ನನ್ನ ಕಡೆ ತಿರುಗಿದ.

“ಬರ್ತೀನಿ ಸಾರ್,” ಎಂದ.

ಐದು ವರ್ಷದಲ್ಲಿ ಅವನ ಬಾಯಲ್ಲಿ ನನಗೆ ಸಾರ್ ಅಂತ ಬಂದದ್ದು ಅದೇ ಮೊದಲು. ಅಮ್ಮ ಗೇಟಿನವರೆಗೂ ಹೋಗಿ ಅವನನ್ನು ಕಳಿಸಿ ಬಂದಳು. ನಾನು ಮಂಚದ ಮೇಲಿಂದ ಏಳಲಿಲ್ಲ.